ನಾವು ಕುಂಬಾರರಲ್ಲ

ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ವಿಷಯ ಬಂದಾಗಲೆಲ್ಲ ತಪ್ಪದೆ ಕೇಳಿಬರುವ ಒಂದು ಹೋಲಿಕೆಯಿದೆ. ದೇವರು ಕುಂಬಾರ, ನಾವು ಜೇಡಿಮಣ್ಣು ಎಂಬುದೇ ಆ ಹೋಲಿಕೆ. ಬಲಿಪೂಜೆಯ ಪ್ರಬೋಧನೆಯಲ್ಲಿ, ಧರ್ಮೋಪದೇಶದ ತರಗತಿಯಲ್ಲಿ, ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದ ಕುಟುಂಬ ಪ್ರಾರ್ಥನೆಯಲ್ಲಿ ಇದನ್ನು ಕೇಳದವರು ನಮ್ಮಲ್ಲಿ ವಿರಳ. ಹೋಲಿಕೆ ಪವಿತ್ರ ಗ್ರಂಥದ್ದು; ಅದರ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ನಾವು ಬಳಸುವ ಬಗೆಯ ಮೇಲೆ ಮಾತ್ರ ನನ್ನ ತಕರಾರು. ಮಾತು ಆರಂಭವಾದಾಗ ಕುಂಬಾರನ ಪೀಠದಲ್ಲಿ ದೇವರೇ ಇರುತ್ತಾರೆ. ನಾಲ್ಕು ವಾಕ್ಯ ಮುಗಿಯುವಷ್ಟರಲ್ಲಿ ಆ ಪೀಠದ ಮೇಲೆ ತಂದೆ, ತಾಯಿ, ಶಿಕ್ಷಕರು, ಹಿರಿಯರು ಬಂದು ಕುಳಿತಿರುತ್ತಾರೆ. ಜೇಡಿಮಣ್ಣಿನ ಸ್ಥಾನ ಮಾತ್ರ ಬದಲಾಗುವುದಿಲ್ಲ, ಅದು ಮಗುವಿನದು. ಮಣ್ಣಿಗೆ ಬಾಯಿ ಇಲ್ಲ, ಆದ್ದರಿಂದ ನೀನೂ ಬಾಯಿ ತೆರೆಯಬೇಡ ಎಂಬುದು ಕೊನೆಗೆ ಉಳಿಯುವ ಪಾಠ.

ಈ ಪಾಠ ಸುಳ್ಳು ಎಂದು ನಾನು ವಾದಿಸಬಯಸುತ್ತೇನೆ. ಇದನ್ನು ಹೇಳುವವರಿಗೆ ಕುಂಬಾರಿಕೆ ಗೊತ್ತಿಲ್ಲ. ಪವಿತ್ರ ಗ್ರಂಥದ ಆ ಪುಟಗಳನ್ನು ಪೂರ್ತಿಯಾಗಿ ಓದಿದ ಲಕ್ಷಣವೂ ಇಲ್ಲ. ಹೀಗೆ ಹೇಳಿದವರಲ್ಲಿ ನಾನೂ ಒಬ್ಬನಾದ್ದರಿಂದ ಇಷ್ಟು ಕಟುವಾಗಿ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನ್ನ ಕಣ್ಣು ತೆರೆಸಿದ್ದು ಒಂದು ಪುಟ್ಟ ಹೂಜಿ. ಜಪಾನಿನ ಒಕಾಯಾಮಾ ಪ್ರಾಂತ್ಯದಲ್ಲಿ ಉದ್ಯೋಗದಲ್ಲಿದ್ದ ನನ್ನ ಮಗ ಕೆಲವು ವರ್ಷಗಳ ಹಿಂದೆ ರಜೆಗೆ ಬಂದಾಗ ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು ತಂದಿದ್ದ. ಅಂಗೈಯಲ್ಲಿ ಹಿಡಿಸುವ ದುಂಡು ಹೊಟ್ಟೆ, ಮೇಲೆ ಕಿರಿದಾದ ಕಂಠ, ಚಿಕ್ಕ ಬಾಯಿ. ಒಂದು ಭುಜದ ಮೇಲೆ ಎಳ್ಳು ಚೆಲ್ಲಿದಂತೆ ಹಳದಿ ಚುಕ್ಕೆಗಳು. ಇನ್ನೊಂದು ಬದಿ ಏನೂ ಇಲ್ಲದ ಕೆಂಗಂದು. ಸೊಂಟದ ಬಳಿ ಬೆರಳು ಒತ್ತಿದ ತಗ್ಗು. ನಮ್ಮ ಉಪ್ಪಿನಕಾಯಿ ಜಾಡಿಯಂತೆಯೇ ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಸುಟ್ಟ ಮಣ್ಣು, ಆದರೆ ಜಾಡಿಗಿರುವ ಹೊಳೆಯುವ ಲೇಪ ಇದಕ್ಕಿರಲಿಲ್ಲ. ನಾನು ಅದನ್ನು ತಿರುಗಿಸಿ ನೋಡಿ, "ಒಂದು ಕಡೆ ಸುಟ್ಟುಹೋಗಿದೆಯಲ್ಲೋ, ಕಡಿಮೆ ಬೆಲೆಗೆ ಕೊಟ್ಟರೇನು?" ಎಂದು ಕೇಳಿದೆ. ಅವನು ನಕ್ಕು, "ಇದು ಹಾಳಾದದ್ದಲ್ಲ ಅಪ್ಪಾ, ಇದು ಹೀಗಾಗಲೆಂದೇ ಅವರು ಹನ್ನೆರಡು ದಿನ ಬೆಂಕಿಯ ಮುಂದೆ ಕೂತಿದ್ದರು" ಎಂದ.

ಅದು ಸಾಕೆ ಎಂಬ ಅಕ್ಕಿಯ ಮದ್ಯವನ್ನು ಬಡಿಸುವ ಹೂಜಿ, ಹೆಸರು ತೊಕ್ಕುರಿ. ದ್ರವ ಹೊರಬರುವಾಗ ಕಂಠದಲ್ಲಿ ಕೇಳುವ ಸದ್ದಿನಿಂದಲೇ ಆ ಹೆಸರು ಬಂತೆಂದು ಹೇಳುವುದುಂಟು. ಕುಡಿತದಿಂದ ಹಾಳಾದ ಮನೆಗಳು ನಮ್ಮ ಸುತ್ತ ಇರುವಾಗ ಇಂಥ ಪಾತ್ರೆಯ ಮಾತು ಈ ಪತ್ರಿಕೆಗೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಮದ್ಯದ ಪರ ವಕಾಲತ್ತು ಮಾಡುತ್ತಿಲ್ಲ. ನಮ್ಮ ಮನೆಯಲ್ಲಿ ಆ ಹೂಜಿ ಒಂದೆರಡು ಹೂ ಹಿಡಿದು ದೇವಮಾತೆಯ ಚಿತ್ರದ ಕೆಳಗೆ ನಿಂತಿದೆ. ನಾನು ಮಾತನಾಡಬೇಕಾಗಿರುವುದು ಅದರ ಮಣ್ಣಿನ ಬಗ್ಗೆ.

ಒಕಾಯಾಮಾ ಪ್ರಾಂತ್ಯದ ಬಿಝೆನ್ ನಗರದಲ್ಲಿ ಇಂಬೆ ಎಂಬ ಕುಂಬಾರರ ಊರಿದೆ. ಜಪಾನಿನ ಆರು ಪ್ರಾಚೀನ ಕುಂಬಾರ ಕೇಂದ್ರಗಳಲ್ಲಿ ಬಿಝೆನ್ ಒಂದು. ಅಲ್ಲಿನ ಮಣ್ಣು ಬರುವುದು ಭತ್ತದ ಗದ್ದೆಗಳ ಅಡಿಯಿಂದ. ಕೊಯ್ಲು ಮುಗಿದ ಮೇಲೆ, ಚಳಿಗಾಲದಲ್ಲಿ, ಮೇಲಿನ ಸಾಗುವಳಿ ಮಣ್ಣನ್ನು ಸರಿಸಿ ಆಳದಿಂದ ಅದನ್ನು ಅಗೆದು ತೆಗೆಯುತ್ತಾರೆ. ತೆಗೆದ ಕೂಡಲೇ ಅದನ್ನು ತಿಗುರಿಗೆ ಏರಿಸುವುದಿಲ್ಲ. ಬಿಸಿಲು ಮಳೆಗೆ ಒಡ್ಡಿ, ಕಲ್ಲು ಬೇರು ಆರಿಸಿ, ಹದಗೊಳಿಸಿ ವರ್ಷಗಟ್ಟಲೆ ಇಡುತ್ತಾರೆ. ನುಣುಪಾದ, ಹೇಳಿದ ಆಕಾರಕ್ಕೆ ಬೇಗ ಬರುವ ಮಣ್ಣು ಅದು. ಆದರೆ ಅದಕ್ಕೊಂದು ಹಟವಿದೆ. ಕಬ್ಬಿಣದ ಅಂಶ ಹೆಚ್ಚಾಗಿರುವ ಆ ಮಣ್ಣು ಒಣಗುವಾಗಲೂ ಬೇಯುವಾಗಲೂ ಬಹಳ ಕುಗ್ಗುತ್ತದೆ. ಮೇಲೆ ಗಾಜಿನಂಥ ಲೇಪ ಹಚ್ಚಿದರೆ ಅದನ್ನು ಹಿಡಿದುಕೊಳ್ಳುವುದಿಲ್ಲ. ಬೆಂಕಿಯನ್ನು ಅವಸರದಿಂದ ಏರಿಸಿದರೆ ಬಿರುಕು ಬಿಡುತ್ತದೆ.

ಇಂಥ ಮಣ್ಣು ಕೈಗೆ ಸಿಕ್ಕಾಗ ಕುಂಬಾರ ಏನು ಮಾಡಬೇಕು? ನಮ್ಮ ಉಪದೇಶದ ಪ್ರಕಾರ ಅದನ್ನು ತನ್ನ ಇಷ್ಟಕ್ಕೆ ಬಗ್ಗಿಸಬೇಕು. ಇಂಬೆಯ ಕುಂಬಾರರು ಹಾಗೆ ಮಾಡಲಿಲ್ಲ. ಮಣ್ಣಿಗೆ ಲೇಪ ಒಗ್ಗದಿದ್ದರೆ ಲೇಪವನ್ನೇ ಬಿಟ್ಟರು. ಅವಸರದ ಬೆಂಕಿ ಒಗ್ಗದಿದ್ದರೆ ಅವಸರವನ್ನು ಬಿಟ್ಟರು. ಕೆಂಪು ಪೈನ್ ಮರದ ಸೌದೆಯನ್ನು ಹಗಲೂ ರಾತ್ರಿ ಉಣಿಸುತ್ತಾ, ಸುಮಾರು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಆವಿಗೆಯ ಶಾಖವನ್ನು ಸ್ವಲ್ಪ ಸ್ವಲ್ಪವಾಗಿ 1200 ಡಿಗ್ರಿ ಸೆಲ್ಸಿಯಸ್‌ಗೂ ಮೇಲಕ್ಕೆ ಒಯ್ಯುತ್ತಾರೆ. ಆಮೇಲೆ ಅದು ತಾನಾಗಿ ತಣಿಯುವವರೆಗೆ ಮತ್ತೆ ದಿನಗಟ್ಟಲೆ ಕಾಯುತ್ತಾರೆ. ಹೀಗೆ ಆವಿಗೆ ಹಚ್ಚುವುದು ವರ್ಷಕ್ಕೆ ಒಂದೋ ಎರಡೋ ಸಲ.

ಆ ದಿನಗಳಲ್ಲಿ ಹಾರುವ ಬೂದಿ ಪಾತ್ರೆಯ ಭುಜದ ಮೇಲೆ ಬಿದ್ದು ಕರಗಿ ಚುಕ್ಕೆಯಾಗುತ್ತದೆ. ಅದನ್ನು ಅವರು ಎಳ್ಳು ಎಂದೇ ಕರೆಯುತ್ತಾರೆ. ಪಾತ್ರೆಗಳು ಒಂದಕ್ಕೊಂದು ಅಂಟದಿರಲೆಂದು ನಡುವೆ ಹುಲ್ಲು ಸುತ್ತಿಡುವ ಪದ್ಧತಿಯಿತ್ತು. ಆ ಹುಲ್ಲು ಉರಿದುಹೋದ ಜಾಗದಲ್ಲಿ, ಅದರ ಕ್ಷಾರವೂ ಮಣ್ಣಿನ ಕಬ್ಬಿಣವೂ ಕೂಡಿ, ಬೆಂಕಿಯ ದಾರದಂಥ ಕೆಂಪು ಗೆರೆಗಳು ಮೂಡಿದವು. ಮೊದಲು ಅಕಸ್ಮಾತ್ತಾಗಿ ಬಂದ ಆ ಗೆರೆಯನ್ನು ಅವರು ಕಳಂಕವೆಂದು ಉಜ್ಜಿ ತೆಗೆಯಲಿಲ್ಲ. ಹಿದಾಸುಕಿ ಎಂದು ಹೆಸರಿಟ್ಟು ಗೌರವಿಸಿದರು. ಕುಂಬಾರ ಪಾತ್ರೆಯನ್ನು ಎಲ್ಲಿಡಬೇಕೆಂದು ನಿರ್ಧರಿಸುತ್ತಾನೆ, ಬೆಂಕಿಯನ್ನು ಕಾಯುತ್ತಾನೆ. ಕೊನೆಯ ರೂಪ ಯಾವುದೆಂಬುದು ಆವಿಗೆಯ ಬಾಯಿ ತೆರೆಯುವವರೆಗೆ ಅವನಿಗೂ ತಿಳಿಯದು.

ಇದಕ್ಕೆ ವಿರುದ್ಧವಾದ ಇನ್ನೊಂದು ವಿಧಾನವೂ ಇದೆ. ಮಣ್ಣನ್ನು ನೀರಿನಲ್ಲಿ ಕದಡಿ ಗಂಜಿಯಂತೆ ಮಾಡಿ ಪ್ಲಾಸ್ಟರಿನ ಅಚ್ಚಿಗೆ ಸುರಿಯುವುದು. ಅಚ್ಚು ನೀರನ್ನು ಹೀರುತ್ತದೆ. ಒಳಗೋಡೆಗೆ ಮಣ್ಣಿನ ಪದರ ಅಂಟಿಕೊಳ್ಳುತ್ತದೆ. ಮಿಕ್ಕದ್ದನ್ನು ಬಗ್ಗಿಸಿ ತೆಗೆದರೆ ಹೂಜಿ ಸಿದ್ಧ. ಸಾವಿರ ಹೂಜಿ ಮಾಡಿದರೂ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ಅಂತರವಿಲ್ಲ. ಕಾರ್ಖಾನೆಗೆ ಅದು ಸರಿಯಾದ ವಿಧಾನವೇ. ಅಗ್ಗದ ಬಟ್ಟಲು ಬಡವನಿಗೂ ಬೇಕು. ಆದರೆ ಒಂದು ವಿಷಯ ಗಮನಿಸಿ. ಮಣ್ಣು ಸ್ವಲ್ಪವೂ ಎದುರಾಡದೆ ಹೇಳಿದಂತೆ ಆಗುವುದು ಈ ಅಚ್ಚಿನಲ್ಲಿ ಮಾತ್ರ. ನಾವು ಮಕ್ಕಳಿಗೆ ಕುಂಬಾರನ ಕಥೆ ಹೇಳಿ ಅಚ್ಚಿನ ಕೆಲಸ ಮಾಡುತ್ತಿದ್ದೇವೆ.

ಬಿಝೆನ್ ಪಾತ್ರೆಗಳಿಗೂ ಕೆಟ್ಟ ಕಾಲ ಬಂದಿತ್ತು. ಬಿಳಿಯ, ನಯವಾದ ಪಿಂಗಾಣಿಯ ಎದುರು ಈ ಕಂದು ಪಾತ್ರೆಗಳು ಬಡವಾಗಿ ಕಂಡವು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಬೆಯವರು ಇಟ್ಟಿಗೆ, ಚರಂಡಿಯ ಕೊಳವೆ ಮಾಡಿಯೂ ಹೊಟ್ಟೆ ಹೊರೆಯಬೇಕಾಯಿತು. ಕುಂಬಾರ ಮನೆತನದ ಕನೇಶಿಗೆ ತೋಯೋ (1896–1967) ಅಲಂಕಾರದ ಬೊಂಬೆಗಳನ್ನು ಮಾಡುವುದರಲ್ಲಿ ಹೆಸರು ಗಳಿಸಿದ್ದರು. ಆ ಹೆಸರನ್ನು ಬದಿಗಿಟ್ಟು 16ನೆಯ ಶತಮಾನದ ಹಳೆಯ ಪಾತ್ರೆಗಳ ಮಣ್ಣನ್ನೂ ಬೆಂಕಿಯನ್ನೂ ಮೊದಲಿನಿಂದ ಅಭ್ಯಾಸ ಮಾಡಿದರು. 1956ರಲ್ಲಿ ಜಪಾನ್ ಸರ್ಕಾರ ಅವರನ್ನು ಜನರು 'ಜೀವಂತ ರಾಷ್ಟ್ರೀಯ ನಿಧಿ' ಎಂದು ಕರೆಯುವ ಗೌರವಕ್ಕೆ ಆರಿಸಿತು. ಆ ಗೌರವ ಮಣ್ಣನ್ನು ಪಿಂಗಾಣಿಯಂತೆ ಮಾಡಿದ್ದಕ್ಕೆ ಬಂದದ್ದಲ್ಲ. ಮಣ್ಣು ಮಣ್ಣಾಗಿಯೇ ಇರಲು ಬಿಟ್ಟದ್ದಕ್ಕೆ ಬಂದದ್ದು.

"ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕೇ? ಶಿಸ್ತು ಬೇಡವೇ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಬ್ಬರಲ್ಲಿ ಹೆಚ್ಚು ದುಡಿಯುವವರು ಯಾರು ಎಂದು ನೋಡಿ. ಅಚ್ಚಿಗೆ ಸುರಿಯುವವನು ಸುರಿದು ಕೈತೊಳೆದುಕೊಳ್ಳುತ್ತಾನೆ. ಬಿಝೆನ್ ಕುಂಬಾರ ಕಲ್ಲು ಆರಿಸುತ್ತಾನೆ, ಮಣ್ಣನ್ನು ಮತ್ತೆ ಮತ್ತೆ ನಾದುತ್ತಾನೆ, ತಿಗುರಿಯ ಮೇಲೆ ಬಿಗಿಯಾದ ಕೈಯಿಂದ ಅದನ್ನು ನಡುವಿಗೆ ತರುತ್ತಾನೆ, ಸರದಿ ಹಾಕಿಕೊಂಡು ರಾತ್ರಿಯೆಲ್ಲ ಬೆಂಕಿಯನ್ನು ಕಾಯುತ್ತಾನೆ. ಇದಕ್ಕಿಂತ ದೊಡ್ಡ ಶಿಸ್ತು ಯಾವುದು? ಆ ಶಿಸ್ತಿನ ಮೊದಲ ಪಾಲು ಕುಂಬಾರನ ಮೇಲೆಯೇ ಬೀಳುತ್ತದೆ. ನಮ್ಮಲ್ಲಿ ಶಿಸ್ತು ಎಂದರೆ ಮಗು ಕಾಯಬೇಕು, ಮಗು ತಾಳಬೇಕು, ಮಗು ಬದಲಾಗಬೇಕು. ನಾವು ಸುರಿದು ಕೈತೊಳೆದುಕೊಳ್ಳುತ್ತೇವೆ.

ಇನ್ನು ಪವಿತ್ರ ಗ್ರಂಥಕ್ಕೆ ಬರೋಣ. ಪ್ರವಾದಿ ಯೆರೆಮೀಯನ ಹದಿನೆಂಟನೆಯ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿ. ಪ್ರವಾದಿ ಕುಂಬಾರನ ಮನೆಗೆ ಹೋದಾಗ ಕಂಡದ್ದು ಗೆದ್ದ ಕುಂಬಾರನನ್ನಲ್ಲ. ಕೈಯಲ್ಲಿದ್ದ ಪಾತ್ರೆ ಕೆಟ್ಟುಹೋದ ಕುಂಬಾರನನ್ನು. ಅವನು ಸಿಟ್ಟಾಗಿ ಆ ಮುದ್ದೆಯನ್ನು ಹೊರಗೆಸೆಯಲಿಲ್ಲ. ಅದರಿಂದಲೇ ಬೇರೊಂದು ಪಾತ್ರೆಯನ್ನು ಮಾಡಿದ. ಆಮೇಲೆ ಸರ್ವೇಶ್ವರ ಕೊಡುವ ವಿವರಣೆಯೂ ಅದೇ ದಾರಿಯಲ್ಲಿದೆ: ಒಂದು ಜನಾಂಗ ಕೆಟ್ಟತನದಿಂದ ತಿರುಗಿಕೊಂಡರೆ, ಅದಕ್ಕೆ ಮಾಡಬೇಕೆಂದಿದ್ದ ಕೇಡನ್ನು ತಾವೂ ಕೈಬಿಡುವುದಾಗಿ ಅವರು ತಿಳಿಸುತ್ತಾರೆ. ಮಣ್ಣಿನ ಸ್ಥಿತಿ ನೋಡಿ ತಮ್ಮ ನಿರ್ಧಾರವನ್ನೇ ಬದಲಿಸಿಕೊಳ್ಳಲು ಸಿದ್ಧರಾದ ಕುಂಬಾರರು ಇವರು. ಇದನ್ನು ಹೇಳಿದ್ದು ಯೂದಾಯದ ಪ್ರಜೆಗೆ, ಜೆರುಸಲೇಮಿನ ನಿವಾಸಿಗಳಿಗೆ. ಮನೆಯ ಮಕ್ಕಳ ಬಾಯಿ ಮುಚ್ಚಿಸಲೆಂದಲ್ಲ.

ಪ್ರವಾದಿ ಯೆಶಾಯನ ನಲವತ್ತೈದನೆಯ ಅಧ್ಯಾಯವನ್ನು ನಾವು ಹೆಚ್ಚಾಗಿ ಬಳಸುತ್ತೇವೆ. ಮಣ್ಣು ಕುಂಬಾರನನ್ನು ಪ್ರಶ್ನಿಸಬಹುದೇ ಎಂಬ ವಾದ ಅಲ್ಲಿದೆ. ಅದರ ಸಂದರ್ಭವೇನು? ದೇವರು ಪರ್ಷಿಯಾದ ಅರಸ ಸೈರಸನನ್ನು, ಒಬ್ಬ ಹೊರಗಿನವನನ್ನು, ತಮ್ಮ ಜನರ ಬಿಡುಗಡೆಗಾಗಿ ಆರಿಸಿದ ಸಂದರ್ಭ. ತಮ್ಮ ಅಚ್ಚಿಗೆ ಒಗ್ಗದ ಬಿಡುಗಡೆ ಬಂದಾಗ ಗೊಣಗಿದವರಿಗೆ ಕೊಟ್ಟ ಉತ್ತರ ಅದು. ಅದೇ ಗ್ರಂಥದ ಅರವತ್ತನಾಲ್ಕನೆಯ ಅಧ್ಯಾಯದಲ್ಲಿ ನಾವು ಮಣ್ಣು, ನೀವು ಕುಂಬಾರ ಎಂಬ ಅರ್ಥದ ಮಾತನ್ನು ಯಾರು ಆಡುತ್ತಾರೆ? ಮಣ್ಣೇ ಆಡುತ್ತದೆ! ಬಾಯಿ ಇಲ್ಲವೆಂದು ನಾವು ಹೇಳಿದ ಅದೇ ಮಣ್ಣು ದೇವರನ್ನು ತಂದೆಯೆಂದು ಕರೆದು, ಕೋಪ ಇಷ್ಟು ಬೇಡವೆಂದು ಬೇಡಿಕೊಳ್ಳುತ್ತಿದೆ. ರೋಮನರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಂತ ಪೌಲರು ಈ ಹೋಲಿಕೆಯನ್ನು ಎತ್ತಿಕೊಂಡು ತಲಪುವುದೂ ಅನ್ಯಧರ್ಮೀಯರನ್ನು ಕೂಡ ಕರೆದ ದೇವರ ಕರುಣೆಯ ಕಡೆಗೇ. ಇಷ್ಟೆಲ್ಲ ಪುಟಗಳಲ್ಲಿ ಕುಂಬಾರನ ಪೀಠವನ್ನು ಮನುಷ್ಯನೊಬ್ಬನಿಗೆ ಬಿಟ್ಟುಕೊಟ್ಟ ವಾಕ್ಯ ಒಂದೂ ಇಲ್ಲ.

ಆ ಪೀಠ ಮನುಷ್ಯನದಲ್ಲವೆಂಬುದನ್ನು ಜೀವ ಒತ್ತೆಯಿಟ್ಟು ಹೇಳಿದವರೊಬ್ಬರು ಇದೇ ಪಾತ್ರೆಗಳ ನಾಡಿನಲ್ಲಿದ್ದರು. ಅವರು ಪುನೀತ ಜುಸ್ತೋ ತಕಾಯಾಮಾ ಉಕೋನ್. 1564ರಲ್ಲಿ, ಬಾಲಕನಾಗಿದ್ದಾಗ, ದೀಕ್ಷಾಸ್ನಾನ ಪಡೆದರು. ಬೆಳೆದು ಸಂಸ್ಥಾನದ ಒಡೆಯರಾದರು. ಚಹಾ ಕಲೆಯ ಮಹಾಗುರು ಸೆನ್ ನೊ ರಿಕ್ಯೂ ಅವರ ಏಳು ಮಂದಿ ಪ್ರಮುಖ ಶಿಷ್ಯರಲ್ಲಿ ಒಬ್ಬರೆನಿಸಿದರು. ಬಿಝೆನ್ನಿನಂಥ ಲೇಪವಿಲ್ಲದ ಒರಟು ಪಾತ್ರೆಗಳ ಚೆಲುವನ್ನು ಜಪಾನಿಗೆ ತೋರಿಸಿದ್ದು ಆ ಕಾಲದ ಚಹಾ ಗುರುಗಳೇ. 1587ರಲ್ಲಿ ದೊರೆ ಹಿದೆಯೋಶಿ ವಿಶ್ವಾಸವನ್ನು ಬಿಡುವಂತೆ ಉಕೋನರಿಗೆ ಆಜ್ಞೆ ಮಾಡಿದ. ಅಂದಿನ ಜಪಾನಿನಲ್ಲಿ ದೊರೆಯ ಮಾತನ್ನು ಮೀರುವುದೆಂದರೆ ಮಣ್ಣು ಕುಂಬಾರನಿಗೆ ಎದುರಾಡಿದಂತೆಯೇ. ಉಕೋನ್ ಎದುರಾಡಿದರು, ಸಂಸ್ಥಾನ ಹೋಯಿತು. 1614ರಲ್ಲಿ ದೇಶದಿಂದಲೇ ಹೊರದೂಡಲ್ಪಟ್ಟು ಮನಿಲಾ ತಲಪಿ, ಮರುವರ್ಷದ ಆರಂಭದಲ್ಲಿ ಅಲ್ಲೇ ತೀರಿಕೊಂಡರು. 2017ರ ಫೆಬ್ರವರಿ 7ರಂದು ಒಸಾಕಾ ನಗರದಲ್ಲಿ ಧರ್ಮಸಭೆ ಅವರನ್ನು ಪುನೀತ ಪದವಿಗೇರಿಸಿತು. ನಮ್ಮ ಉಪದೇಶವನ್ನು ಅವರು ಅಕ್ಷರಶಃ ಪಾಲಿಸಿದ್ದರೆ, ಮೇಲಿನವರ ಕೈಗೆ ಮೆತ್ತಗೆ ಒಗ್ಗಿ, ದೊಡ್ಡ ಒಡೆಯನಾಗಿ ಸಾಯುತ್ತಿದ್ದರು; ಸಂತರ ದಾರಿಯಲ್ಲಿ ಅವರ ಹೆಸರಿರುತ್ತಿರಲಿಲ್ಲ. ನಿಜವಾದ ಕುಂಬಾರ ಯಾರೆಂದು ತಿಳಿದವರಿಗೆ ಸುಳ್ಳು ಕುಂಬಾರರಿಗೆ ಇಲ್ಲವೆನ್ನುವ ಬಲ ಬರುತ್ತದೆ. ಆ ಬಲವನ್ನೇ ನಾವು ಮಕ್ಕಳಿಂದ ಕಸಿದುಕೊಳ್ಳುತ್ತಿದ್ದೇವೆ.

ನನ್ನ ಮಗನಿಗೆ ಚರಿತ್ರೆ ಓದುವ ಆಸೆಯಿತ್ತು. ಚರಿತ್ರೆಯಿಂದ ಅನ್ನ ಹುಟ್ಟುವುದಿಲ್ಲವೆಂದು ನಾನು ಎಂಜಿನಿಯರಿಂಗ್ ಕಾಲೇಜಿನ ಅರ್ಜಿ ತಂದೆ. ಆ ರಾತ್ರಿ ಜಪಸರ ಮುಗಿದ ಮೇಲೆ ಈ ಕುಂಬಾರ ಮತ್ತು ಜೇಡಿಮಣ್ಣಿನ ಮಾತನ್ನೇ ಅವನಿಗೆ ಹೇಳಿದೆ. ಅವನು ಎದುರಾಡಲಿಲ್ಲ. ಅದನ್ನು ನಾನು ವಿಧೇಯತೆ ಎಂದೆಣಿಸಿ ಹೆಮ್ಮೆಪಟ್ಟೆ. ಇಂದು ಅವನಿಗೆ ಒಳ್ಳೆಯ ಕೆಲಸವಿದೆ, ಸಂಬಳವಿದೆ, ನಮ್ಮ ಬಗ್ಗೆ ಅಕ್ಕರೆಯೂ ಇದೆ. ಆದರೆ ಆ ರಾತ್ರಿಯ ನಂತರ ಅವನು ಯಾವ ವಿಷಯದಲ್ಲೂ ನನ್ನನ್ನು ಕೇಳಿ ತೀರ್ಮಾನ ಮಾಡಿದ್ದಿಲ್ಲ. ತೀರ್ಮಾನವಾದ ಮೇಲೆ ತಿಳಿಸುತ್ತಾನೆ. ಅವನು ಹೂಜಿಯನ್ನು ಕೈಗಿತ್ತು ಮಣ್ಣಿನ ವಿಷಯ ವಿವರಿಸುತ್ತಿದ್ದಾಗ, ಇಷ್ಟು ಮಾತು ಅವನಲ್ಲಿತ್ತೇ ಎಂದು ನಾನು ಬೆರಗಾದೆ. ಮಣ್ಣಿನ ಬಾಯಿಯನ್ನು ಮುಚ್ಚಿದವನು ನಾನೇ ಎಂಬುದು ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಆದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿನ ಬೆಲೆ ತೆತ್ತ ಮನೆಗಳು ಎಷ್ಟೋ ಇವೆ. ಫಲಿತಾಂಶದ ದಿನ ಮಗನೋ ಮಗಳೋ ಕೋಣೆಯ ಬಾಗಿಲು ಹಾಕಿಕೊಂಡರೆ ಎದೆ ಡವಗುಟ್ಟುವ ತಾಯಂದಿರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಯೆರೆಮೀಯನ ಹದಿನೆಂಟನೆಯ ಅಧ್ಯಾಯವನ್ನು ಪ್ರೀತಿಸುವ ನಾವು ಪುಟ ತಿರುಗಿಸಿ ಹತ್ತೊಂಬತ್ತನೆಯದನ್ನು ಓದುವುದಿಲ್ಲ. ಅಲ್ಲಿ ಒಂದು ಹೂಜಿ ಇದೆ. ಕುಂಬಾರನಿಂದ ಮಣ್ಣಿನ ಹೂಜಿಯೊಂದನ್ನು ಕೊಂಡುಕೊಳ್ಳುವಂತೆ ದೇವರು ಪ್ರವಾದಿಗೆ ಆಜ್ಞಾಪಿಸುತ್ತಾರೆ. ಮೂಲ ಹಿಬ್ರೂ ಭಾಷೆಯಲ್ಲಿ ಆ ಹೂಜಿಯ ಹೆಸರು ಬಕ್ಬೂಕ್. ನೀರು ಸುರಿಯುವಾಗ ಕಂಠದಲ್ಲಿ ಕೇಳುವ ಸದ್ದೇ ಅದಕ್ಕೆ ಹೆಸರಾಗಿದೆ, ಜಪಾನಿನ ತೊಕ್ಕುರಿಯಂತೆ. ಆ ಹೂಜಿಯನ್ನು ಹಿಡಿದು ಅವನು ಹಿನ್ನೋಮನ ಕಣಿವೆಗೆ ಹೋಗುತ್ತಾನೆ. ಜನರ ಹಿರಿಯರು, ಯಾಜಕರ ಹಿರಿಯರು ಜೊತೆಗಿದ್ದಾರೆ. ಅವರ ಕಣ್ಣೆದುರಿನಲ್ಲಿ, ಮತ್ತೆ ಸರಿಪಡಿಸಲಾಗದಂತೆ, ಅದನ್ನು ಒಡೆಯುತ್ತಾನೆ. ಅವರ ಅಪರಾಧಗಳಲ್ಲಿ ಒಂದನ್ನು ಅಧ್ಯಾಯ ಬಿಡಿಸಿ ಹೇಳುತ್ತದೆ: ಆ ಕಣಿವೆಯಲ್ಲಿ ತಂದೆತಾಯಿಗಳು ತಮ್ಮ ಮಕ್ಕಳನ್ನು ಬಾಳನಿಗೆ ಬೆಂಕಿಯಲ್ಲಿ ಬಲಿ ಕೊಡುತ್ತಿದ್ದರು. ದೇವರು ಅದನ್ನು ಎಂದೂ ಕೇಳಿರಲಿಲ್ಲ, ಅದು ಅವರ ಮನಸ್ಸಿಗೂ ಬಂದಿರಲಿಲ್ಲ.

ಹಸಿ ಮಣ್ಣನ್ನು ಕುಂಬಾರ ಮತ್ತೆ ರೂಪಿಸಬಲ್ಲ. ಅದು ಹದಿನೆಂಟನೆಯ ಅಧ್ಯಾಯದ ಭರವಸೆ. ಸುಟ್ಟ ಹೂಜಿ ಒಡೆದರೆ ಮತ್ತೆ ಕೂಡದು. ಅದು ಹತ್ತೊಂಬತ್ತನೆಯ ಅಧ್ಯಾಯದ ಎಚ್ಚರಿಕೆ. ಭರವಸೆಯನ್ನು ಮಕ್ಕಳಿಗೆ ಬೆದರಿಕೆಯನ್ನಾಗಿ ಮಾಡಿ, ಎಚ್ಚರಿಕೆಯನ್ನು ನಮಗಲ್ಲವೆಂದು ಪುಟ ಮುಚ್ಚಿದ್ದೇವೆ. ಇಂದಿನ ಬಾಳನಿಗೆ ಕಲ್ಲಿನ ವಿಗ್ರಹ ಬೇಕಾಗಿಲ್ಲ. ಅಂಕ, ಪ್ರತಿಷ್ಠೆ, ನೆಂಟರೆದುರಿನ ಮಾನ, 'ನಮ್ಮ ಮನೆಯಿಂದಲೂ ಒಬ್ಬರು' ಎಂಬ ಹೆಮ್ಮೆ ಇವೇ ಸಾಕು. ಗುರುಮಠಕ್ಕೋ ಕನ್ಯಾಮಠಕ್ಕೋ ಮಗುವನ್ನು ಅದರ ಮನಸ್ಸು ಕೇಳದೆ ಕಳುಹಿಸುವುದೂ ಇದರಲ್ಲಿ ಸೇರುತ್ತದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಹಾಗಾದರೆ ಆ ಹೋಲಿಕೆಯಲ್ಲಿ ತಂದೆತಾಯಿಗಳಾದ ನಮ್ಮ ಸ್ಥಾನ ಯಾವುದು? ಉತ್ತರ ನನಗೆ ಆ ಹೂಜಿಯ ಬರಿದಾದ ಕೆಂಗಂದು ಬದಿಯಲ್ಲಿ ಸಿಕ್ಕಿತು. ಒಂದು ಭುಜದ ಮೇಲೆ ಎಳ್ಳು ಬಿದ್ದಿದೆ, ಇನ್ನೊಂದು ಬದಿ ಬರಿದಾಗಿದೆ, ಏಕೆಂದು ಮಗನನ್ನು ಕೇಳಿದೆ. ಆವಿಗೆಯಲ್ಲಿ ಆ ಬದಿಗೆ ಒತ್ತಾಗಿ ಇನ್ನೊಂದು ಪಾತ್ರೆ ನಿಂತಿತ್ತು, ಅದು ಹಾರುವ ಬೂದಿಯನ್ನು ತಡೆಯಿತು ಎಂದ. ನಾವು ಕುಂಬಾರರಲ್ಲ. ಅದೇ ಆವಿಗೆಯಲ್ಲಿ, ಅದೇ ಬೆಂಕಿಯಲ್ಲಿ, ಮಕ್ಕಳ ಪಕ್ಕದಲ್ಲಿ ಇಡಲ್ಪಟ್ಟ ಪಾತ್ರೆಗಳು ನಾವು. ನಾವು ನಿಂತ ಜಾಗದ ಗುರುತು ಅವರ ಮೈಮೇಲೆ ಜೀವನಪೂರ್ತಿ ಉಳಿಯುತ್ತದೆ. ಅದು ಬೆಂಕಿಯನ್ನು ತಡೆದವರ ಗುರುತಾಗಲಿ.

ಈ ವರ್ಷ ಫಲಿತಾಂಶ ಬಂದ ಸಂಜೆ ಮನೆಯಲ್ಲಿ ಪ್ರಾರ್ಥನೆಗೆ ಕುಳಿತಾಗ ಕುಂಬಾರನ ಹೋಲಿಕೆ ನೆನಪಾದರೆ, ದಯವಿಟ್ಟು ಅದನ್ನು ನಿಮಗೇ ಹೇಳಿಕೊಳ್ಳಿ. ಆಮೇಲೆ ಮಗುವಿನ ಕಡೆ ತಿರುಗಿ, "ನಿನಗೆ ಏನನ್ನಿಸುತ್ತದೆ?" ಎಂದು ಕೇಳಿ. ಕೇಳಿದ ಮೇಲೆ, ಉತ್ತರ ಬರುವವರೆಗೆ ಕಾಯಿರಿ. ನಾನು ಆ ಪ್ರಶ್ನೆಯನ್ನು ತಡವಾಗಿ ಕೇಳಿದೆ. ಮಗ ಇನ್ನೂ ಪೂರ್ತಿ ಉತ್ತರಿಸಿಲ್ಲ, ನಾನು ಕಾಯುತ್ತಿದ್ದೇನೆ.